ಬ್ರೇಕ್ ಮೇಷ್ಟ್ರ ಮೌನ ಪಾಠ

ನನ್ನ ತಮ್ಮನಿಗೆ ಬೀದಿಯವರು ಇಟ್ಟ ಹೆಸರು ಬ್ರೇಕ್ ಮೇಷ್ಟ್ರು. ಕಾರು ಓಡಿಸುವುದನ್ನು ಕಲಿಸುವ ಶಾಲೆ ಅವನದು. ಶಾಲೆ ಎಂದೊಡನೆ ದೊಡ್ಡ ಕಟ್ಟಡವನ್ನು ಕಲ್ಪಿಸಿಕೊಳ್ಳಬೇಡಿ. ಒಂದು ಬಿಳಿ ಕಾರು, ಅದರ ನೆತ್ತಿಯ ಮೇಲೊಂದು ಹಲಗೆ, ಒಳಗೆ ನನ್ನ ತಮ್ಮ, ಅಷ್ಟೇ. ಕಲಿಯುವವರ ಕಾಲಿನ ಬಳಿ ಇರುವಂತೆಯೇ ಪಕ್ಕದಲ್ಲಿ ಕೂರುವ ಅವನ ಕಾಲಿನ ಬಳಿಯೂ ಒಂದು ಬ್ರೇಕು ಇದೆ. ಶಿಷ್ಯರ ಬುದ್ಧಿ ಎಲ್ಲಿ ನಿಲ್ಲುತ್ತದೋ ಅಲ್ಲಿಂದ ಅವನ ಬಲಗಾಲು ಶುರುವಾಗುತ್ತದೆ. ಆ ಕಾಲಿನ ಬಗ್ಗೆ ಅವನಿಗಿದ್ದ ಹೆಮ್ಮೆ ಸಾಮಾನ್ಯದ್ದಲ್ಲ. ಮನೆಗೆ ಬಂದವರ ಮುಂದೆ ಅದನ್ನು ಸ್ಟೂಲಿನ ಮೇಲೆ ಚಾಚಿ, "ಈ ಕಾಲು ನಿದ್ದೆಯಲ್ಲೂ ಎಚ್ಚರವಾಗಿರುತ್ತೆ" ಎನ್ನುತ್ತಿದ್ದ.

"ಹೌದು, ನನ್ನನ್ನೇ ಒದೀತಿರುತ್ತೆ" ಎಂದು ಅವನ ಹೆಂಡತಿ ಅಡುಗೆಮನೆಯಿಂದ ದೃಢಪಡಿಸುತ್ತಿದ್ದಳು.

ಹೀಗಿರುವಾಗ ಅವನ ಪಕ್ಕೆಯಲ್ಲಿ ಸರ್ಪಸುತ್ತು ಎದ್ದಿತು. ಗುಳ್ಳೆಗಳೇನೋ ಒಣಗಿ ಉದುರಿದವು. ಉರಿ ಮಾತ್ರ ಮನೆ ಖಾಲಿ ಮಾಡದ ಬಾಡಿಗೆದಾರನಂತೆ ಅಲ್ಲೇ ಉಳಿಯಿತು. ಅಂಗಿಯ ಬಟ್ಟೆ ಸೋಕಿದರೂ ಬೆಂಕಿ ತಗುಲಿದ ಹಾಗೆ. ಆದ್ದರಿಂದ ಅವನು ಎರಡು ಬೆರಳಿನಲ್ಲಿ ಅಂಗಿಯನ್ನು ಪಕ್ಕೆಯಿಂದ ದೂರ ಎಳೆದು ಹಿಡಿದುಕೊಂಡೇ ಓಡಾಡತೊಡಗಿದ. ಕಾರಿನ ಬೆಲ್ಟು ಹಾಕಿಕೊಳ್ಳುವುದಂತೂ ದಿನವೂ ಒಂದು ಸಮರ. ನಾನೂ ಅವನ ಹೆಂಡತಿಯೂ ಬೆನ್ನು ಹತ್ತಿ ಅವನನ್ನು ಡಾಕ್ಟರ ಬಳಿಗೆ ಕಳಿಸಿದೆವು. ಒಬ್ಬನೇ ಹೋಗಿ ಬಂದವನು ನಗುತ್ತಲೇ ಒಳಗೆ ಬಂದ.

"ಇದು ನರದ ನೋವಂತೆ ಅಕ್ಕ. ಕ್ಯಾಪ್ಸೂಲ್ ಕೊಟ್ಟಿದ್ದಾರೆ. ಶುರುವಿನಲ್ಲಿ ಮಂಪರು ಬರಬಹುದು, ತಲೆ ಸುತ್ತಬಹುದು, ಕಣ್ಣು ಮಂಜಾಗಬಹುದು, ಮೈಗೆ ಒಗ್ಗೋವರೆಗೆ ಗಾಡಿ ಓಡಿಸಬೇಡಿ ಅಂದರು. ಹಾಗಂತ ನನ್ನನ್ನು ಕೇಳದೆ ಔಷಧಿ ನಿಲ್ಲಿಸಲೂಬೇಡಿ ಅಂದರು."

"ಮತ್ತೆ ನಿನ್ನ ಕೆಲಸದ ವಿಷಯ?"

"ಕೇಳಿದರು. ಮೇಷ್ಟ್ರು ಅಂದೆ. ಹಾಗಾದರೆ ಯೋಚನೆಯಿಲ್ಲ, ಪಾಠ ಮಾಡುವಾಗ ತಲೆ ಸುತ್ತಿದರೆ ಕೂತ್ಕೊಳ್ಳಿ ಅಂದರು. ಡಾಕ್ಟ್ರೇ, ನಾನು ಕೂತೇ ಪಾಠ ಮಾಡೋದು ಅಂದೆ. ಬಹಳ ಒಳ್ಳೇದು ಅಂದುಬಿಟ್ಟರು!"

ಅವನ ಹೆಂಡತಿ ಸೌಟು ಹಿಡಿದೇ ಹೊರಗೆ ಬಂದಳು. "ರೀ, ಕಾರಲ್ಲಿ ಕೂತು ಅಂತ ಹೇಳಿದ್ರಾ?"

"ಕೂರೋದು ಕೂರೋದೇ. ಕಾರಲ್ಲಾದರೇನು, ಕುರ್ಚಿಯಲ್ಲಾದರೇನು? ಓಡಿಸೋರು ಕಲಿಯೋರು. ನಾನು ಸ್ಟೀರಿಂಗ್ ಮುಟ್ಟಿದರೆ ಕೇಳಿ."

ಈ ವಾದವನ್ನು ಅವನು ಎಷ್ಟು ನಯವಾಗಿ ಮಂಡಿಸಿದನೆಂದರೆ, ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದ ನನಗೂ ತಪ್ಪು ಎಲ್ಲಿದೆ ಎಂದು ತಕ್ಷಣ ಹೊಳೆಯಲಿಲ್ಲ. ಹೊಳೆಯುವಷ್ಟರಲ್ಲಿ ಅವನು ಕ್ಯಾಪ್ಸೂಲು ನುಂಗಿಯಾಗಿತ್ತು.

ಔಷಧವನ್ನು ನಾನು ದೂರುವುದಿಲ್ಲ. ತಿಂಗಳುಗಟ್ಟಲೆ ಮುಖ ಹಿಂಡಿಕೊಂಡಿದ್ದವನು ಮೊದಲ ಬಾರಿ ಹಣೆ ಸಡಿಲ ಬಿಟ್ಟು ಮಲಗಿದ್ದನ್ನು ನೋಡಿ ಅವನ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆದರೆ ಸಡಿಲವಾದದ್ದು ಹಣೆಯೊಂದೇ ಅಲ್ಲ. ಮಾತು ಸಡಿಲವಾಯಿತು, ಒಂದು ವಾಕ್ಯ ಶುರು ಮಾಡಿದರೆ ಅದು ಮುಗಿಯುವ ಹೊತ್ತಿಗೆ ಕೇಳುತ್ತಿದ್ದವರು ಬೇರೆ ಕೋಣೆಯಲ್ಲಿರುತ್ತಿದ್ದರು. ನಡಿಗೆ ಸಡಿಲವಾಯಿತು, ಬಾಗಿಲು ದಾಟುವಾಗ ಮೊದಲು ಚೌಕಟ್ಟಿಗೆ ಭುಜ ತಾಗಿಸಿ, ಅದಕ್ಕೆ "ಕ್ಷಮಿಸಿ" ಎಂದು ಹೇಳಿ, ಆಮೇಲೆ ಒಳಗೆ ಬರುತ್ತಿದ್ದ. ಒಂದು ಬೆಳಗ್ಗೆ ಚಹಾಕ್ಕೆ ಸಕ್ಕರೆ ಹಾಕಿ, ಕಲಕಿ, ಬಟ್ಟಲನ್ನು ಹಾಗೇ ಬಿಟ್ಟು, ಪಕ್ಕದ ಲೋಟದ ನೀರನ್ನು ಕುಡಿದು, "ಇವತ್ತು ಚಹಾ ಸ್ವಲ್ಪ ತೆಳು" ಎಂದ.

ಇದನ್ನೆಲ್ಲ ಎದುರುಮನೆಯ ಕಿಟಕಿಯಿಂದ ಒಬ್ಬರು ನೋಡುತ್ತಿದ್ದರು. ಅವರು ನಿವೃತ್ತ ಹೆಡ್ ಕ್ಲಾರ್ಕ್. ನಿವೃತ್ತಿಯಾದದ್ದು ಕಚೇರಿಯಿಂದ ಮಾತ್ರ; ಬೀದಿಯ ಮೇಲ್ವಿಚಾರಣೆಯಿಂದ ಅವರಿಗೆ ಯಾರೂ ನಿವೃತ್ತಿ ಕೊಟ್ಟಿರಲಿಲ್ಲ. ನನ್ನ ತಮ್ಮ ಅಂಗಿಯನ್ನು ಪಕ್ಕೆಯಿಂದ ಎಳೆದು ಹಿಡಿದು, ಓಲಾಡುತ್ತ, ನಮ್ಮ ಗೇಟೆಂದು ಅವರ ಗೇಟು ತೆಗೆದ ದಿನ ಅವರ ತನಿಖೆ ಪೂರ್ಣಗೊಂಡಿತು.

"ಏನ್ರೀ ಮೇಷ್ಟ್ರೇ, ಅಂಗಿಯೊಳಗೆ ಏನೋ ಜೋಪಾನ ಮಾಡ್ತಿದ್ದೀರಲ್ಲ?"

"ಏನೂ ಇಲ್ವಲ್ಲಾ..." ಎಂದ ನನ್ನ ತಮ್ಮ. 'ಲ್ಲಾ' ಮುಗಿಯಲು ಬಹಳ ಹೊತ್ತು ಹಿಡಿಯಿತು.

"ಇಷ್ಟು ಬೆಳಗ್ಗೇನೇ ಶುರುವಾ?"

"ಬೆಳಗ್ಗೆ ಒಂದು, ಸಾಯಂಕಾಲ ಒಂದು" ಎಂದು ಅವನು ಪ್ರಾಮಾಣಿಕವಾಗಿ ಒಪ್ಪಿಕೊಂಡ. ಅಷ್ಟರಲ್ಲೇ ಕ್ಯಾಪ್ಸೂಲಿನ ಸುದ್ದಿ ಹೊರಗೆ ಹೋದರೆ ಶಿಷ್ಯರು ಬರಲಾರರು ಎಂಬುದು ನೆನಪಾಗಿ, "ಯಾರಿಗೂ ಹೇಳಬೇಡಿ" ಎಂದೂ ಸೇರಿಸಿದ.

ಯಾರಿಗೂ ಹೇಳಬೇಡಿ ಎಂಬ ಮಾತನ್ನು ಹೆಡ್ ಕ್ಲಾರ್ಕರು ಜೀವಮಾನವಿಡೀ ಸುತ್ತೋಲೆ ಹೊರಡಿಸುವ ಅಪ್ಪಣೆ ಎಂದೇ ತಿಳಿದವರು. ಮಧ್ಯಾಹ್ನದೊಳಗೆ ದಿನಸಿ ಅಂಗಡಿಯವನು ನನ್ನ ತಮ್ಮನ ಹೆಂಡತಿಯನ್ನು ಕಂಡು ನಿಟ್ಟುಸಿರುಬಿಟ್ಟ. ಇಸ್ತ್ರಿಯವನು ಬಟ್ಟೆ ಕೊಡುವಾಗ, "ಅಮ್ಮಾ, ನನ್ನ ಭಾವನೂ ಹೀಗೇ ಇದ್ದ, ಬಿಟ್ಟ. ಈಗ ಚೆನ್ನಾಗಿದ್ದಾನೆ. ಧೈರ್ಯವಾಗಿರಿ" ಎಂದು ಅಂಗಿಯೊಂದನ್ನು ಪುಕ್ಕಟೆಯಾಗಿ ಇಸ್ತ್ರಿ ಮಾಡಿಕೊಟ್ಟ. ಏನು ಇದ್ದ, ಏನು ಬಿಟ್ಟ ಎಂದು ನನ್ನ ತಮ್ಮನ ಹೆಂಡತಿಗೆ ತಿಳಿಯಲಿಲ್ಲ. ಆದರೂ ಅಷ್ಟು ಪ್ರೀತಿಯಿಂದ ಹೇಳಿದವನನ್ನು ಪ್ರಶ್ನೆ ಕೇಳಿ ನೋಯಿಸಲಾಗದೆ, "ಸಂತೋಷ" ಎಂದು ಬಂದಳು.

ಶಿಷ್ಯರು ಒಬ್ಬೊಬ್ಬರಾಗಿ ಬರುವುದನ್ನು ನಿಲ್ಲಿಸಿದರು. ಕೊನೆಗೆ ಉಳಿದವಳು ದರ್ಜಿಯಮ್ಮ ಒಬ್ಬಳೇ. ಮೂಲೆಯ ಅಂಗಡಿಯಲ್ಲಿ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವವಳು. ಒಂದು ಪುಟ್ಟ ವ್ಯಾನು ಕೊಂಡು ಬಟ್ಟೆಯನ್ನು ತಾನೇ ಶಾಲೆಗಳಿಗೆ ಮುಟ್ಟಿಸಬೇಕೆಂದು ಆಸೆ ಇಟ್ಟುಕೊಂಡವಳು. ಹೊಲಿಗೆ ಯಂತ್ರ ತುಳಿದು ಪಳಗಿದ ಅವಳ ಕಾಲಿಗೆ ಸುಮ್ಮನಿರುವುದೇ ಗೊತ್ತಿರಲಿಲ್ಲ. ಆಕ್ಸಿಲರೇಟರನ್ನೂ ಅವಳು ಹಾಗೇ ತುಳಿಯುತ್ತಿದ್ದುದರಿಂದ ಕಾರು ಒಂದೊಂದು ಹೊಲಿಗೆ ಹಾಕಿದಂತೆ ಮುಂದೆ ಹೋಗುತ್ತಿತ್ತು.

ನನ್ನ ತಮ್ಮನ ಶಾಲೆಯಲ್ಲಿ ಒಂದು ಪದ್ಧತಿಯಿದೆ. ಲೈಸೆನ್ಸಿನ ಪರೀಕ್ಷೆ ಹತ್ತಿರವಾದಾಗ ಅವನು ಒಂದು ದಿನ ಮೌನ ಪಾಠ ಮಾಡುತ್ತಾನೆ. ಎಡ, ಬಲ, ನಿಲ್ಲಿಸಿ, ಏನೂ ಹೇಳುವುದಿಲ್ಲ. ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳುತ್ತ ಕೂರುತ್ತಾನೆ. ಶಿಷ್ಯರೇ ಎಲ್ಲ ತೀರ್ಮಾನ ಮಾಡಬೇಕು. ಅವನ ಕಾಲು ಬ್ರೇಕಿನ ಮೇಲೆ ಕಾವಲಿರುತ್ತದೆ. ಮಾತಾಡಿಸಿದರೆ ಫೇಲು.

ಆ ದಿನ ನಡೆದದ್ದನ್ನು ದರ್ಜಿಯಮ್ಮ ನನಗೆ ಹೇಳಿದಂತೆಯೇ ಹೇಳುತ್ತೇನೆ.

ಕಾರು ಮಾರುಕಟ್ಟೆಯ ಬೀದಿ ದಾಟುತ್ತಲೇ ಮೇಷ್ಟ್ರ ಕಣ್ಣು ಮುಚ್ಚಿತು. ಇವತ್ತೇ ಮೌನ ಪಾಠ ಎಂದುಕೊಂಡಳು ಇವಳು. ಮುಂಚೆ ಹೇಳಿರಲಿಲ್ಲವಲ್ಲ ಎಂದು ಅನುಮಾನ ಬಂದರೂ, ಹೇಳದೆ ಮಾಡುವುದೇ ಪರೀಕ್ಷೆಯ ಮರ್ಮವಿರಬೇಕು ಎಂದು ಸಮಾಧಾನ ಮಾಡಿಕೊಂಡಳು. ಸಿಗ್ನಲಿನಲ್ಲಿ ನಿಂತಳು, ಹೊರಟಳು. ಬಸ್ಸಿಗೆ ದಾರಿ ಬಿಟ್ಟಳು. ಮೇಷ್ಟ್ರು ತಲೆ ಎದೆಯ ಮೇಲೆ ಬಾಗಿಸಿದರು. "ಎಷ್ಟು ಏಕಾಗ್ರತೆ ನೋಡಿ ಅಕ್ಕ, ಗೇರ್ ಬದಲಾಯಿಸಿದಾಗಲೆಲ್ಲ ಗೊರ್ ಅಂತ ಒಪ್ಪಿಗೆ ಕೊಡ್ತಿದ್ದರು" ಎಂದಳು ನನ್ನೆದುರು.

ಆ ಒಪ್ಪಿಗೆಯ ಬಲದಿಂದ ಅವಳು ಸೇತುವೆ ದಾಟಿದಳು. ಗೋದಾಮುಗಳನ್ನು ಸುತ್ತಿದಳು. ಹಿಂದಿನ ಲಾರಿಯವನು ಹಾರ್ನ್ ಮಾಡಲು ಹೋಗಿ, ಪಕ್ಕಕ್ಕೆ ಬಂದು, ಒಳಗೆ ನೋಡಿ, ಹಾರ್ನಿನಿಂದ ಕೈ ತೆಗೆದು ಸದ್ದಿಲ್ಲದೆ ಮುಂದೆ ಹೋದ. ಅವಳ ಕಾಲಿಗೆ ಮೊದಲ ಬಾರಿ ಹೊಲಿಗೆ ಮರೆತುಹೋಯಿತು. ಕಾರು ನೀರಿನ ಮೇಲೆ ಹೋದಂತೆ ಹೋಯಿತು.

ಹಿಂದಿರುಗುವಾಗ ತಿರುವಿನಲ್ಲಿ, ಭುಜದ ಮೇಲೆ ಏಣಿ ಹೊತ್ತ, ಸುಣ್ಣ ಬಳಿಯುವವನೊಬ್ಬ ಸೈಕಲ್ಲಿನಲ್ಲಿ ಅಡ್ಡ ಬಂದ. ದರ್ಜಿಯಮ್ಮ ಎರಡೂ ಕಾಲು ಒತ್ತಿ ನಿಲ್ಲಿಸಿದಳು. ಏಣಿಯ ತುದಿ ಗಾಜಿನಿಂದ ಒಂದು ಗೇಣು ದೂರದಲ್ಲಿತ್ತು. ಉಸಿರು ಬಿಟ್ಟು ಅವಳು ಪಕ್ಕಕ್ಕೆ ನೋಡಿದಳು. ಇಷ್ಟು ದಿನ ಅವಳು ಬ್ರೇಕಿನ ಯೋಚನೆ ಮಾಡುವುದಕ್ಕೆ ಮುಂಚೆಯೇ ಒತ್ತಿರುತ್ತಿದ್ದ ಆ ಪ್ರಸಿದ್ಧ ಬಲಗಾಲು, ಚಪ್ಪಲಿ ಬಿಟ್ಟು, ಚಾಪೆಯ ಮೇಲೆ ಮಗುವಿನ ಕಾಲಿನ ಹಾಗೆ ಮಡಿಸಿಕೊಂಡಿತ್ತು.

"ಆಗ ಗೊತ್ತಾಯ್ತು ಅಕ್ಕ, ಇಡೀ ಊರು ನಾನೊಬ್ಬಳೇ ಸುತ್ತಿದ್ದೇನೆ ಅಂತ."

ಬೈಯಲು ಬಾಯಿ ತೆರೆದು ಬಂದ ಸುಣ್ಣದವನು ಒಳಗೆ ಮಲಗಿದ್ದವನನ್ನು ಕಂಡು ದನಿ ಇಳಿಸಿದನಂತೆ. "ಹುಷಾರಿಲ್ವಾ ಪಾಪ? ಬಿಸಿಲು ಮುಖಕ್ಕೆ ಹೊಡೀತಿದೆ" ಎಂದು ತನ್ನ ಹೆಗಲ ಬಟ್ಟೆಯನ್ನು ಕಿಟಕಿಯ ಗಾಜಿಗೆ ಸಿಕ್ಕಿಸಿ ಹೋದನಂತೆ. ಸಾವಿನ ಬಾಯಿಯಿಂದ ಒಂದು ಗೇಣು ದೂರದಲ್ಲಿ ನಿಂತವನಿಗೆ ಹೊಳೆದದ್ದು ಇದು! ಮನುಷ್ಯರ ಬಗ್ಗೆ ನನಗೆ ನಂಬಿಕೆ ಹೋಗದೇ ಇರುವುದಕ್ಕೆ ಇಂಥವರೇ ಕಾರಣ.

ಕಾರು ನಮ್ಮ ಮನೆಯ ಮುಂದೆ ನಿಂತಾಗ ನನ್ನ ತಮ್ಮ ಕಣ್ಣು ಬಿಟ್ಟು, "ಹಾಂ, ಈಗ ಎಡಕ್ಕೆ ತಿರುಗಿಸಿ" ಎಂದ.

"ಎಡಕ್ಕೆ ನಿಮ್ಮ ಬಚ್ಚಲುಮನೆ ಇದೆ ಮೇಷ್ಟ್ರೇ" ಎಂದಳು ದರ್ಜಿಯಮ್ಮ.

ಎದುರುಮನೆಯ ಕಿಟಕಿ ಇದನ್ನೂ ನೋಡಿತು. ಹಾಡುಹಗಲಲ್ಲಿ ಮೇಷ್ಟ್ರನ್ನು ಶಿಷ್ಯೆ ಹೊತ್ತು ತಂದಳೆಂದು ಸಾರಿಗೆ ಕಚೇರಿಗೆ ಆಗಲೇ ಫೋನು ಹೋಯಿತು.

ದರ್ಜಿಯಮ್ಮ ಬೀದಿಯಲ್ಲಿ ಒಂದು ಮಾತೂ ಆಡದೆ ಸೀದಾ ನಮ್ಮ ಅಡುಗೆಮನೆಗೆ ಬಂದು, ನೀರು ಕುಡಿದು, ಎಲ್ಲ ಹೇಳಿದಳು. "ಎಲ್ಲರ ಮುಂದೆ ಹೇಳಿದರೆ ಅವರ ಮರ್ಯಾದೆ ಏನಾಗಬೇಕು? ಆದರೆ ಅಕ್ಕ, ನಾನಲ್ಲದೆ ಹೊಸಬಳು ಯಾರಾದರೂ ಓಡಿಸ್ತಿದ್ದಿದ್ದರೆ?" ಅವನೋ ಒಳಗೆ ಹೋಗಿ ಮತ್ತೆ ಮಲಗಿಬಿಟ್ಟಿದ್ದ. ಬೆಳಗ್ಗೆ ತಿಂಡಿ ಆದ ಕೂಡಲೇ ಅವನನ್ನು ಎದುರು ಕೂರಿಸಿಕೊಂಡು ಮಾತಾಡುವುದೆಂದು ನಾವು ಮೂವರೂ ನಿಶ್ಚಯಿಸಿದೆವು.

ತಿಂಡಿಗಿಂತ ಮೊದಲು ಸಾರಿಗೆ ಇಲಾಖೆಯ ಇನ್ಸ್‌ಪೆಕ್ಟರು ಬಂದರು.

ಕಚೇರಿಯ ಜೀಪು ರಿಪೇರಿಗೆ ಹೋಗಿದ್ದರಿಂದ ಬಸ್ಸಿನಲ್ಲಿ ಬಂದಿದ್ದರು, ಬೆವರಿದ್ದರು, ಹಸಿದಿದ್ದರು. ಕೈಯಲ್ಲಿ ಊದಿಸಿ ಕುಡಿತ ಅಳೆಯುವ ಯಂತ್ರವಿತ್ತು. ಕುಡಿದದ್ದು ನಿಜವಾದರೆ ಶಾಲೆಯ ಪರವಾನಗಿ ಇವತ್ತೇ ರದ್ದು ಎಂದರು. ಬೀದಿ ಇಷ್ಟು ಬೇಗ ಎಂದೂ ಎದ್ದಿರಲಿಲ್ಲ. ಹಲ್ಲುಜ್ಜುತ್ತಿದ್ದವರು ಬ್ರಷ್ಷಿನೊಂದಿಗೇ ಹೊರಗೆ ಬಂದರು. ಸ್ಕೂಟರಿನಲ್ಲಿ ಎಲ್ಲಿಗೋ ಹೊರಟಿದ್ದ ಹೆಡ್ ಕ್ಲಾರ್ಕರು ಹೆಲ್ಮೆಟ್ಟು ಹಾಕಿಕೊಂಡೇ ಸಾಕ್ಷಿಯಾಗಿ ಹಾಜರಾದರು. ದರ್ಜಿಯಮ್ಮ ಕೊರಳಲ್ಲಿ ಅಳತೆಯ ಟೇಪು ನೇತುಹಾಕಿಕೊಂಡೇ ಓಡಿ ಬಂದಳು.

"ಮೇಷ್ಟ್ರೇ, ಕುಡಿದಿದ್ದೀರಾ?"

"ಇಲ್ಲ ಸಾರ್."

"ಮತ್ತೆ ಯಾಕೆ ಓಲಾಡ್ತೀರಿ?"

ನನ್ನ ತಮ್ಮ ಉತ್ತರ ಕೊಡಲಿಲ್ಲ. ಹೆಡ್ ಕ್ಲಾರ್ಕರು ಹೆಲ್ಮೆಟ್ಟಿನ ಗಾಜು ಮೇಲೆತ್ತಿ, "ಮೌನ ಒಪ್ಪಿಗೆ ಅಂತ ದಾಖಲು ಮಾಡಿಕೊಳ್ಳಿ ಸಾರ್" ಎಂದು ಗಾಜು ಇಳಿಸಿದರು.

ಊದಿದ. ಯಂತ್ರ ಸೊನ್ನೆ ತೋರಿಸಿತು. ಮತ್ತೆ ಊದಿಸಿದರು. ಮತ್ತೆ ಸೊನ್ನೆ. ಬ್ರಷ್ಷು ಹಿಡಿದವರು ಬ್ರಷ್ಷನ್ನೇ ಎತ್ತಿ ಹಿಡಿದು ಸಂತೋಷಪಟ್ಟರು. ಇಸ್ತ್ರಿಯವನು, "ನಾನು ಹೇಳಲಿಲ್ವಾ, ಬಿಟ್ಟುಬಿಡ್ತಾರೆ ಅಂತ!" ಎಂದು ಕೂಗಿದ.

"ಯಂತ್ರ ಕೆಟ್ಟಿದೆ" ಎಂದು ಹೆಡ್ ಕ್ಲಾರ್ಕರು ತೀರ್ಪು ಕೊಟ್ಟರು. "ಎಲ್ಲಿ, ಇಲ್ಲಿ ಕೊಡಿ. ನನ್ನಂಥ ಶುದ್ಧ ಮನುಷ್ಯ ಊದಿದರೂ ಅದೇ ಸೊನ್ನೆ ತಾನೇ?"

ಹೆಲ್ಮೆಟ್ಟು ತೆಗೆದು ಊದಿದರು. ಯಂತ್ರ ಕಿರ್ರೋ ಎಂದು ಅರಚಿಕೊಂಡಿತು.

ಬೀದಿಯಲ್ಲಿ ಹಲ್ಲುಜ್ಜುವ ಸದ್ದೂ ನಿಂತಿತು.

"ಅದು ಟಾನಿಕ್ಕು ಸಾರ್!" ಎಂದರು ಹೆಡ್ ಕ್ಲಾರ್ಕರು, ಹಣೆಯವರೆಗೂ ಕೆಂಪಾಗಿ. "ಹಸಿವಿಗೆ ಅಂತ, ಈಗ ತಾನೇ ಕುಡಿದು ಬಂದೆ. ಡಾಕ್ಟರೇ ಬರೆದುಕೊಟ್ಟದ್ದು!"

"ಸ್ಕೂಟರಿನ ಕೀ ಈ ಕಡೆ ಕೊಡಿ."

"ಸಾರ್, ಔಷಧಿ ಅದು, ಔಷಧಿ!"

"ಡಾಕ್ಟರು ಬರೆದುಕೊಟ್ಟರೆ ರಸ್ತೆ ಅಗಲ ಆಗುತ್ತೇನ್ರೀ?" ಇನ್ಸ್‌ಪೆಕ್ಟರಿಗೆ ಹಸಿವಿನ ಸಿಟ್ಟು ಸರಿಯಾದ ಜಾಗದಲ್ಲಿ ಬಂತು. "ನೀವು ಕುಡಿದಿರೋದು ಔಷಧಿನೋ ಮತ್ತೊಂದೋ, ಎದುರಿಗೆ ಬರೋ ಸೈಕಲ್ಲಿನವನಿಗೆ ಅದನ್ನು ಕಟ್ಟಿಕೊಂಡು ಏನು? ಮೈ ಸ್ವಾಧೀನದಲ್ಲಿ ಇದೆಯೋ ಇಲ್ಲವೋ, ಅಷ್ಟೇ ಲೆಕ್ಕ."

ನಾನು ತಮ್ಮನ ಮುಖ ನೋಡಿದೆ. ಅಂಗಿ ಹಿಡಿದಿದ್ದ ಎರಡು ಬೆರಳು ಅಲ್ಲೇ ಗಟ್ಟಿಯಾಗಿದ್ದವು.

ಇನ್ಸ್‌ಪೆಕ್ಟರು ಅವನತ್ತ ತಿರುಗಿದಾಗ ಅವರ ಮುಖದಲ್ಲಿ ಪಶ್ಚಾತ್ತಾಪವಿತ್ತು. "ಮೇಷ್ಟ್ರೇ, ಬೀದಿ ಮುಂದೆ ನಿಮಗೆ ಅವಮಾನ ಮಾಡಿದೆ. ಬೀದಿ ಮುಂದೆಯೇ ಸರಿ ಮಾಡ್ತೀನಿ. ಬನ್ನಿ, ನೀವೇ ಗಾಡಿ ತೆಗೆದು ನನ್ನನ್ನು ಕಚೇರಿಗೆ ಬಿಡಿ. ಎಲ್ಲರೂ ನೋಡಲಿ."

ಜನ ಚಪ್ಪಾಳೆ ತಟ್ಟಿದರು. ಯಾರೋ ಒಬ್ಬರು ಕಾರಿನ ಬಾಗಿಲನ್ನೇ ತೆಗೆದು ಹಿಡಿದರು. ಹೋದ ಮಾನ, ಹೋದ ಶಿಷ್ಯರು, ಎಲ್ಲ ವಾಪಸು ಬರಲು ಅವನು ಆ ಸೀಟಿನಲ್ಲಿ ಕೂತರೆ ಸಾಕಿತ್ತು. ನಾನು ಬಾಯಿ ತೆರೆದೆ. ಅವನ ಹೆಂಡತಿ ನನ್ನ ಕೈ ಒತ್ತಿ ಹಿಡಿದಳು. "ತಾಳಿ ಅತ್ತಿಗೆ, ಅವರೇ ಹೇಳಲಿ. ಕೂತರೆ ನಾನೇ ಹೋಗಿ ಗಾಡಿ ಮುಂದೆ ನಿಲ್ತೀನಿ" ಎಂದು ಪಿಸುಗುಟ್ಟಿದಳು.

ಅವನು ಕೀ ಹಿಡಿದು ಕಾರಿನವರೆಗೆ ಹೋದ. ಕಿಟಕಿಯ ಗಾಜಿನಲ್ಲಿ ಯಾರದೋ ಸುಣ್ಣ ಮೆತ್ತಿದ ಹೆಗಲ ಬಟ್ಟೆ ಸಿಕ್ಕಿಕೊಂಡಿತ್ತು. ಅದನ್ನು ಮುಟ್ಟಿ ನೋಡಿದ.

"ದರ್ಜಿಯಮ್ಮ, ಇದು ಯಾರದು?"

ಅವಳು ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ.

"ಏಣಿ ಹೊತ್ತ ಸುಣ್ಣದವನದು ಮೇಷ್ಟ್ರೇ. ನಿನ್ನೆ ತಿರುವಲ್ಲಿ ಅಡ್ಡ ಬಂದ. ಒಂದು ಗೇಣಲ್ಲಿ ಉಳಿದ. ನಿಮಗೆ ಬಿಸಿಲು ಬೀಳಬಾರದು ಅಂತ ಸಿಕ್ಕಿಸಿ ಹೋದ."

"ನಾನು ಬ್ರೇಕ್ ಒತ್ತಲಿಲ್ವಾ?"

"ನೀವು ಚೆನ್ನಾಗಿ ನಿದ್ದೆ ಮಾಡ್ತಿದ್ರಿ" ಎಂದಳು ಅವಳು, ಬಹಳ ಮೆಲ್ಲಗೆ.

ನನ್ನ ತಮ್ಮ ಆ ಬಟ್ಟೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡ. ಆಮೇಲೆ ತಿರುಗಿ, ಬೀದಿಗೆಲ್ಲ ಕೇಳುವಂತೆ, ಒಂದೊಂದೇ ಮಾತನ್ನು ಹುಡುಕಿ ಹುಡುಕಿ ಹೇಳಿದ. "ಸಾರ್, ನಾನು ಕುಡಿದಿಲ್ಲ. ಆದರೆ ಎಚ್ಚರವಾಗೂ ಇಲ್ಲ. ನರದ ನೋವಿಗೆ ಕ್ಯಾಪ್ಸೂಲ್ ತಗೋತಿದ್ದೀನಿ. ಓಡಿಸಬೇಡಿ ಅಂತ ಡಾಕ್ಟರು ಹೇಳಿದ್ದರು. ಪಕ್ಕದಲ್ಲಿ ಕೂತರೆ ಓಡಿಸಿದ ಹಾಗಲ್ಲ ಅಂತ ನಾನೇ ಕಾನೂನು ಮಾಡಿಕೊಂಡೆ. ಬ್ರೇಕಿನ ಮೇಲೆ ಕಾಲಿಡೋನೂ ಓಡಿಸೋನೇ ಸಾರ್." ಕೀಯನ್ನು ದರ್ಜಿಯಮ್ಮನ ಕೈಗಿಟ್ಟ. "ಇವರು ಬಿಡ್ತಾರೆ. ಇವರ ಕಾಲು ನನ್ನ ಕಾಲಿಗಿಂತ ಚೆನ್ನಾಗಿದೆ."

ಬೀದಿಗೆ ಈ ಸಲ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯಲಿಲ್ಲ. ಮೊದಲು ಮುಂದೆ ಬಂದವರು, ಆಶ್ಚರ್ಯವೆಂದರೆ, ಹೆಡ್ ಕ್ಲಾರ್ಕರು. "ಮೇಷ್ಟ್ರೇ, ಪಕ್ಕೆ ಅಷ್ಟು ನೋಯುತ್ತಾ? ಮೊದಲೇ ಹೇಳೋದಲ್ವೇನ್ರೀ? ನಾನು ಬಾಟಲಿ ಅಂದುಕೊಂಡುಬಿಟ್ಟೆ" ಎಂದು ಅವನ ಭುಜ ಹಿಡಿದರು, ನೋವಿಲ್ಲದ ಕಡೆಯ ಭುಜವನ್ನೇ ನೋಡಿ ಹಿಡಿದರು.

ಅಷ್ಟರಲ್ಲಿ ಅವನ ಹೆಂಡತಿ ಡಾಕ್ಟರಿಗೆ ಫೋನು ಮಾಡಿ ಕೊನೆಗೂ ಸತ್ಯ ಒಪ್ಪಿಸಿದ್ದಳು. ಫೋನಿನ ಒಳಗಿನ ಗದರಿಕೆ ನಮಗೂ ಕೇಳಿಸಿತು. ಔಷಧಿ ನಿಲ್ಲಿಸಬಾರದು, ಆದರೆ ಪ್ರಮಾಣ ನೋಡಬೇಕು, ಇವತ್ತೇ ಕರೆತನ್ನಿ, ಮಂಪರು ಪೂರ್ತಿ ಹೋಗಿದೆ ಎಂದು ತಾವು ಹೇಳುವವರೆಗೆ ಕಾರಿನ ಮುಂದಿನ ಎರಡು ಸೀಟಿನಲ್ಲಿ ಯಾವುದರಲ್ಲೂ ಕೂರಬಾರದು ಎಂದು ಆಜ್ಞೆಯಾಯಿತು. ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಮೈ ಒಗ್ಗುತ್ತದೆಯಂತೆ. ಒಗ್ಗದಿದ್ದರೆ ಬೇರೆ ಔಷಧಿಗಳಿವೆಯಂತೆ.

"ಅಲ್ಲಿಯವರೆಗೆ ಶಾಲೆ?" ಎಂದ ನನ್ನ ತಮ್ಮ. ಪರವಾನಗಿಯ ಹೆಸರು ಬಾಯಿಗೆ ಬರಲಿಲ್ಲ ಅವನಿಗೆ.

ಇನ್ಸ್‌ಪೆಕ್ಟರು ಯಂತ್ರವನ್ನು ಚೀಲಕ್ಕೆ ಹಾಕಿದರು. "ನಮ್ಮ ಕಚೇರಿಯಿಂದ ನಿವೃತ್ತರಾದ ಚಾಲಕರೊಬ್ಬರಿದ್ದಾರೆ. ಕಲಿಸೋ ಲೈಸೆನ್ಸೂ ಇದೆ. ಮನೆಯಲ್ಲಿ ಕೂತು ಹೆಂಡತಿ ಜೊತೆ ಹೊಂದಾಣಿಕೆ ಆಗದೆ ಒದ್ದಾಡ್ತಿದ್ದಾರೆ. ಅಷ್ಟು ದಿನ ನಿಮ್ಮ ಬ್ರೇಕ್ ಅವರು ನೋಡಿಕೊಳ್ಳಲಿ. ನೀವು ಮನೆಯಲ್ಲಿ ರಸ್ತೆ ನಿಯಮದ ಪಾಠ ಮಾಡಿ. ಇನ್ನೊಂದು ಸಲ ಮುಚ್ಚಿಟ್ಟರೆ ಮಾತ್ರ ನನ್ನ ಇನ್ನೊಂದು ಮುಖ ನೋಡ್ತೀರಿ. ಈಗ ಹೊರಡೋಣ. ನನಗೆ ಹೊಟ್ಟೆ ಹಸೀತಿದೆ."

ದರ್ಜಿಯಮ್ಮ ಸ್ಟೀರಿಂಗಿನ ಮುಂದೆ ಕೂತಳು. ಪಕ್ಕದ ಬ್ರೇಕಿನ ಮೇಲೆ ಇನ್ಸ್‌ಪೆಕ್ಟರೇ ಕಾಲಿಟ್ಟು ಕೂತರು. ಅವರನ್ನು ಇಳಿಸಿ ನಾವು ಹಾಗೇ ಡಾಕ್ಟರ ಬಳಿಗೆ ಹೋಗುವುದೆಂದಾಯಿತು. ಕಚೇರಿಯ ಎದುರುಗಡೆಯೇ ದವಾಖಾನೆ. ಹಿಂದಿನ ಸೀಟಿನಲ್ಲಿ ನಾನು, ಅವನ ಹೆಂಡತಿ, ನಡುವೆ ನನ್ನ ತಮ್ಮ. ಇನ್ಸ್‌ಪೆಕ್ಟರ ಮಡಿಲಲ್ಲಿ ಅವನ ಹೆಂಡತಿ ಕಟ್ಟಿಕೊಟ್ಟ ತಿಂಡಿಯ ಡಬ್ಬಿ.

ಅವನು ತನ್ನದೇ ಕಾರಿನ ಹಿಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಸ್ವಲ್ಪ ದೂರ, ಮುಂದಿನ ಗಾಜಿನ ಮೇಲೇ ಕಣ್ಣಿಟ್ಟು ಸೆಟೆದು ಕೂತಿದ್ದ. ಆಮೇಲೆ ಕುತ್ತಿಗೆ ಮೆಲ್ಲಗೆ ಪಕ್ಕಕ್ಕೆ ತಿರುಗಿತು.

"ಅಕ್ಕ, ಈ ರಸ್ತೆಯಲ್ಲಿ ಇಷ್ಟು ಮರ ಇದ್ದವಾ?"

"ಇದ್ದವಪ್ಪ."

"ಯಾವಾಗ ನೆಟ್ಟರು?"

"ನೀನು ಹುಟ್ಟೋ ಮುಂಚೆ."

"ಓ" ಎಂದ. ಆ 'ಓ' ಮುಗಿಯುವಷ್ಟರಲ್ಲಿ ಅವನ ತಲೆ ನನ್ನ ಭುಜಕ್ಕೆ ಬಂದಿತ್ತು.

ಇನ್ಸ್‌ಪೆಕ್ಟರು ಹಿಂದೆ ತಿರುಗಿ ನೋಡಿದರು. ಆಮೇಲೆ ದರ್ಜಿಯಮ್ಮನಿಗೆ ಪಿಸುಮಾತಿನಲ್ಲಿ "ಬಲಕ್ಕೆ" ಎಂದರು. ಅವಳೂ ಪಿಸುಮಾತಿನಲ್ಲಿ "ಆಗಲಿ ಸಾರ್" ಎಂದಳು. ಹೀಗೆ ಸಾರಿಗೆ ಇಲಾಖೆಯ ಚರಿತ್ರೆಯಲ್ಲೇ ಅತ್ಯಂತ ಮೆಲ್ಲನೆಯ ದನಿಯ ಪ್ರಯಾಣ ನಡೆಯಿತು. ಡಬ್ಬಿಯ ಮುಚ್ಚಳವನ್ನು ಕೂಡ ಅವರು ಸದ್ದಾಗದಂತೆ ತೆಗೆದರು.

ಕಚೇರಿಯ ಗೇಟಿನಲ್ಲಿ ಕಾರು ನಿಂತಾಗ ನನ್ನ ತಮ್ಮ ಬೆಚ್ಚಿ ಎದ್ದ. ಅತ್ತ ಇತ್ತ ನೋಡಿದ. ಅವನ ಬಲಗಾಲು ಇಲ್ಲದ ಬ್ರೇಕನ್ನು ಒಂದು ಸಲ ಒತ್ತಿತು.

"ಯಾರು ಓಡಿಸ್ತಿರೋದು?" ಎಂದ ಗಾಬರಿಯಿಂದ.

"ದರ್ಜಿಯಮ್ಮ" ಎಂದೆ.

"ಹಾಗಾದರೆ ಸರಿ" ಎಂದು ಅವನು ಮತ್ತೆ ಕಣ್ಣು ಮುಚ್ಚಿದ.